ಕೂದಲೆಳೆಯಷ್ಟು ಬೆಳಕು

ವಿಶ್ವವಿದ್ಯಾಲಯದಿಂದ ಬಂದ ಹೆಂಡತಿ ಕೈಚೀಲವನ್ನು ಮೊಳೆಗೆ ತಗುಲಿಹಾಕಿ, ನೇರ ಅಡುಗೆಮನೆಗೆ ಹೋಗಿ ಅತ್ತೆಯ ಬ್ರೆಡ್ಡಿನ ಅಂಚು ಕತ್ತರಿಸತೊಡಗಿದಳು. ಮುದುಕಿಗೆ ಮುಂದಿನ ಹಲ್ಲುಗಳಿಲ್ಲ. ಗಟ್ಟಿ ಅಂಚು ವಸಡಿಗೆ ಚುಚ್ಚುತ್ತದೆ. ಯಾರೂ ಹೇಳಿದ ಕೆಲಸವಲ್ಲ ಅದು. ಅವಳೇ ಗಮನಿಸಿ ಮಾಡಿಕೊಂಡು ಬಂದದ್ದು.

"ಏನೇ, ಮುಖ ಇಷ್ಟು ಹೊಳೀತಿದೆ? ಸುದ್ದಿ ಏನಾದ್ರೂ ಇದ್ಯಾ?" ಎಂದಳು ಅತ್ತೆ.

"ಇದೆ ಅತ್ತೆ. ಇವರೂ ಬರಲಿ, ಒಟ್ಟಿಗೆ ಹೇಳ್ತೀನಿ."

ಇವರು ಎಂದರೆ ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯಲ್ಲಿ ಯಾರದೋ ಮದುವೆ ಬ್ಯಾಂಡಿನ ತುತ್ತೂರಿಯ ಡೊಂಕು ತೆಗೆಯುತ್ತಿದ್ದ ಗಂಡ. ಊದುವ ವಾದ್ಯಗಳನ್ನು ರಿಪೇರಿ ಮಾಡುವವನು. ಬ್ಯಾಂಡಿನವರೆಲ್ಲ ಅವನನ್ನು ರಿಪೇರಿಯಣ್ಣ ಎಂದೇ ಕರೆಯುವುದು. ನಾವೂ ಹಾಗೇ ಕರೆಯೋಣ. ಅವನಿಗೆ ಅಡುಗೆಮನೆಯ ಮಾತೆಲ್ಲ ಕೇಳಿಸಿತ್ತು. ಕೇಳಿಸಿದರೂ ಸುತ್ತಿಗೆ ಕೆಳಗಿಡಲಿಲ್ಲ. ಸುದ್ದಿ ಏನೆಂದು ಅವನಿಗೆ ಗೊತ್ತಿತ್ತು. ಬೆಳಿಗ್ಗೆಯೇ ಅವಳ ವಿದ್ಯಾರ್ಥಿಯೊಬ್ಬ ಕ್ಲಾರಿನೆಟ್ ಹಿಡಿದು ಬಂದು, "ಸರ್, ಮೇಡಂ ಅವರು ವಿಭಾಗದ ಮುಖ್ಯಸ್ಥರಾದ್ರಂತೆ, ನಿಮ್ಗೆ ಎಷ್ಟು ಖುಷಿ ಆಗಿರ್ಬೇಕಲ್ವಾ?" ಎಂದು ಹಲ್ಲು ಕಿರಿದಿದ್ದ.

ಊಟಕ್ಕೆ ಕೂತಾಗ ಹೆಂಡತಿ ಹೇಳಿದಳು. ಬರೀ ಅಷ್ಟೇ ಅಲ್ಲ, ನಗರದ ವಾದ್ಯಗೋಷ್ಠಿಯವರು ಮುಂದಿನ ತಿಂಗಳ ಕಛೇರಿಗೆ ಅವಳನ್ನೇ ಮುಖ್ಯ ವಾದಕಿಯಾಗಿ ಕರೆದಿದ್ದಾರೆ. ಹೊಸ ಕೃತಿ. ಸ್ಯಾಕ್ಸೊಫೋನಿಗೆಂದೇ ಬರೆದದ್ದು.

ಮಗಳು ಗುಬ್ಬಿ ಚಪ್ಪಾಳೆ ತಟ್ಟಿದಳು. ಪರೀಕ್ಷೆಗೆ ಓದುತ್ತಿದ್ದ ಆ ಹುಡುಗಿ ಯಾವ ವಾದ್ಯವನ್ನೂ ಕಲಿತಿರಲಿಲ್ಲ. "ಈ ಮನೇಲಿ ಗಾಳಿ ಊದೋರು ಈಗಾಗ್ಲೇ ಜಾಸ್ತಿ" ಎನ್ನುವುದು ಅವಳ ವಾದ.

"ಇನ್ನು ಮೇಲೆ ನಿನ್ನನ್ನ ಪ್ರೊಫೆಸರಮ್ಮ ಅಂತಲೇ ಕರೀಬೇಕು," ಎಂದಳು ಅತ್ತೆ. "ಏನೋ, ನೀನು ಮಾತೇ ಆಡ್ತಿಲ್ಲ? ಬಾಯಲ್ಲಿ ಸುತ್ತಿಗೆ ಇಟ್ಕೊಂಡಿದ್ದೀಯಾ?"

"ಒಳ್ಳೇದಾಯ್ತು," ಎಂದ ರಿಪೇರಿಯಣ್ಣ. "ಸೂಪಿಗೆ ಉಪ್ಪು ಕಮ್ಮಿ."

ಹೆಂಡತಿ ಎದ್ದು ಉಪ್ಪು ತಂದಿಟ್ಟಳು.

ಹಳೆಯ ಗಾಯ ಅದು. ಗುಬ್ಬಿ ಕೈಗೂಸಾಗಿದ್ದಾಗ ವಿಶ್ವವಿದ್ಯಾಲಯದಲ್ಲಿ ಸ್ಯಾಕ್ಸೊಫೋನ್ ಕಲಿಸುವ ಒಂದೇ ಒಂದು ಹುದ್ದೆ ಖಾಲಿಯಾಗಿತ್ತು. ಗಂಡ ಹೆಂಡತಿ ಇಬ್ಬರೂ ಒಬ್ಬರೇ ಗುರುವಿನ ಶಿಷ್ಯರು, ಇಬ್ಬರೂ ಅರ್ಜಿ ಹಾಕಿದರು, ಒಂದೇ ಬಸ್ಸಿನಲ್ಲಿ ಹೋಗಿ ಒಬ್ಬರಾದ ಮೇಲೊಬ್ಬರು ನುಡಿಸಿದರು. ಆಯ್ಕೆಯಾದದ್ದು ಅವಳು. ಅವತ್ತು ಎರಡೂ ಪೆಟ್ಟಿಗೆಗಳನ್ನು ಹೊತ್ತು ಮನೆಗೆ ತಂದವನು ಅವನೇ. "ನನ್ನ ಹೆಂಡ್ತಿ ಗೆದ್ಲು" ಎಂದು ಬೀದಿಗೆಲ್ಲ ಸಾರಿದವನೂ ಅವನೇ. ಆಮೇಲೆ ತನ್ನ ವಾದ್ಯವನ್ನು ಕಪಾಟಿನ ಮೇಲಿಟ್ಟು ಮುಂದಿನ ಕೋಣೆಯಲ್ಲಿ ಕೆಲಸದ ಮೇಜು ಹಾಕಿದ. ಮನೆಯಲ್ಲಿ ಒಬ್ಬರು ಮಗು ನೋಡಿಕೊಳ್ಳಬೇಕಿತ್ತು, ಬ್ಯಾಂಡಿನವರಿಗೂ ಒಬ್ಬ ಒಳ್ಳೆಯ ರಿಪೇರಿಯವನು ಬೇಕಿತ್ತು. ಕೈ ಬಲು ಬೇಗ ಕುದುರಿತು.

ರಜೆಯ ಮೊದಲ ಭಾನುವಾರ ಆ ಹೊಸ ಕೃತಿ ಬರೆದ ಮಹಾಶಯ ಮನೆಗೇ ಬಂದ. ಹೆಂಡತಿಯ ಸಹೋದ್ಯೋಗಿ, ಪಿಯಾನೋ ಕಲಿಸುವವನು. ಗುಬ್ಬಿಯ ಅಜ್ಜಿ ಅವನಿಗೆ ಪಿಯಾನೋ ಪಂಡಿತ ಎಂದು ಹೆಸರಿಟ್ಟಿದ್ದಳು. ಸ್ವರಪುಸ್ತಕವನ್ನು ಊಟದ ಮೇಜಿನ ಮೇಲೆ ಹರಡಿ, ಮೊದಲ ಸಾಲಿನ ಮೇಲೆ ಬೆರಳಿಟ್ಟ.

"ನೋಡಿ ಮೇಡಂ, ವಾದ್ಯದ ತೀರಾ ಕೆಳಗಿನ ಸ್ವರ. ಇಡೀ ಸಭೆ ಸುಮ್ಮನಿರುತ್ತೆ. ನೀವೊಬ್ಬರೇ ಉಸಿರಿನಷ್ಟು ಮೆತ್ತಗೆ ಇದನ್ನ ಶುರು ಮಾಡ್ಬೇಕು. ಆ ಸ್ವರವನ್ನ ಹಾಗೆ ಹುಟ್ಟಿಸೋರು ಈ ಊರಲ್ಲಿ ನೀವೊಬ್ಬರೇ. ಅದಕ್ಕೇ ಹೀಗೆ ಬರೆದೆ."

"ಅಯ್ಯೋ, ಇದು ಇವರು ನನಗೆ ಹೇಳಿಕೊಟ್ಟದ್ದು," ಎಂದಳು ಹೆಂಡತಿ, ಟೀ ತಂದಿಡುತ್ತಿದ್ದ ಗಂಡನ ಕಡೆ ತಿರುಗಿ. "ಗುರುಗಳ ಮನೇಲಿ ನನಗೆ ಈ ಸ್ವರ ಬರ್ತಾನೇ ಇರ್ಲಿಲ್ಲ."

ಪಂಡಿತನ ಕಿವಿಗೆ ಅದು ಬಿತ್ತೋ ಇಲ್ಲವೋ. "ಟೀ ಚೆನ್ನಾಗಿದೆ," ಎಂದ. ಆಮೇಲೆ ನೆನಪಾದವನಂತೆ, "ನೀವು ಮೇಡಂ ಅವರ ಹಸ್ಬೆಂಡ್ ಅಲ್ವಾ?" ಎಂದ.

"ಹೌದು," ಎಂದ ರಿಪೇರಿಯಣ್ಣ. "ಇನ್ನೂ."

ಗುಬ್ಬಿ ಕಿಸಕ್ಕೆಂದಳು. ಹೆಂಡತಿ ನಗಲಿಲ್ಲ.

ಮರುದಿನ ಅವಳು ತನ್ನ ಸ್ಯಾಕ್ಸೊಫೋನನ್ನು ಅವನ ಮೇಜಿನ ಮೇಲಿಟ್ಟಳು. ದೊಡ್ಡ ಕಛೇರಿಯ ಮೊದಲು ಪ್ರತಿ ಸಲವೂ ಹೀಗೇ. "ಒಂದ್ಸಲ ನೋಡಿಬಿಡಿ ರೀ. ನಿಮ್ಮ ಕೈ ಆಡಿದ್ರೆ ನನಗೆ ಧೈರ್ಯ," ಎಂದು ಹೇಳಿ ತರಕಾರಿ ತರಲು ಹೋದಳು.

ಸ್ಯಾಕ್ಸೊಫೋನಿನ ಮೈತುಂಬ ತೂತುಗಳು. ಒಂದೊಂದಕ್ಕೂ ಒಂದು ಮುಚ್ಚಳ, ಮುಚ್ಚಳದ ಒಳಗೆ ಅರಗಿನಿಂದ ಅಂಟಿಸಿದ ಚರ್ಮದ ಬಿಲ್ಲೆ. ಬಿಲ್ಲೆ ತೂತಿನ ಮೇಲೆ ಸರಿಯಾಗಿ ಕೂರದಿದ್ದರೆ ಗಾಳಿ ಸೋರುತ್ತದೆ. ಸೋರಿದರೆ ಮೊದಲು ಕೈಕೊಡುವುದು ಕೆಳಗಿನ ಸ್ವರಗಳು, ಅದರಲ್ಲೂ ಮೆತ್ತಗೆ ಊದಿದಾಗ. ಕಣ್ಣಿಗೆ ಕಾಣದ ಸೋರುವಿಕೆ ಹಿಡಿಯಲು ರಿಪೇರಿಯವರು ಕಿಟಕಿಯ ಪರದೆ ಎಳೆದು ಕೋಣೆ ಕತ್ತಲು ಮಾಡಿ, ಕೊಳವೆಯೊಳಗೆ ಒಂದು ಸಣ್ಣ ದೀಪ ಇಳಿಬಿಡುತ್ತಾರೆ. ಆಮೇಲೆ ಮುಚ್ಚಳಗಳನ್ನು ಮೆಲ್ಲಗೆ ಒತ್ತಿ ನೋಡುವುದು. ಎಲ್ಲಿ ಬೆಳಕು ಇಣುಕುತ್ತದೋ ಅಲ್ಲಿ ಗಾಳಿ ಸೋರುತ್ತದೆ.

ರಿಪೇರಿಯಣ್ಣ ಪರದೆ ಎಳೆದ. ಎರಡು ಹಳೆಯ ಬಿಲ್ಲೆ ಬದಲಿಸಿದ, ಕೀಲುಗಳಿಗೆ ಎಣ್ಣೆ ಬಿಟ್ಟ. ಕೊನೆಗೆ ದೀಪ ಇಳಿಸಿ ಒಂದೊಂದೇ ಒತ್ತುತ್ತ ಬಂದ. ಎಡಗೈ ಉಂಗುರ ಬೆರಳಿನ ಮುಚ್ಚಳದಡಿ, ಹಿಂಬದಿಯ ಅಂಚಿನಲ್ಲಿ, ಕೂದಲೆಳೆಯಷ್ಟು ಬೆಳಕು ಕಂಡಿತು.

ಮುಚ್ಚಳ ಬಿಸಿ ಮಾಡಿ ಅರಗು ಮೆತ್ತಗಾಗಿಸಿ ಬಿಲ್ಲೆಯನ್ನು ಕೊಂಚ ಸರಿಸಬೇಕು, ಅಷ್ಟೇ. ಟೀ ಆರುವುದರೊಳಗೆ ಮುಗಿಯುವ ಕೆಲಸ. ಮದುವೆ ಬ್ಯಾಂಡಿನ ಹುಡುಗರ ನಜ್ಜುಗುಜ್ಜಾದ ವಾದ್ಯಗಳಲ್ಲೂ ಅವನು ಅಂಥ ಬೆಳಕಿನ ಗೆರೆಯನ್ನು ಹಾಗೇ ಬಿಟ್ಟವನಲ್ಲ. ಅವನು ಗೆರೆಯನ್ನೇ ನೋಡುತ್ತ ನಿಂತ. ಈ ಊರಲ್ಲಿ ನೀವೊಬ್ಬರೇ, ಎಂದಿದ್ದ ಆ ಪಂಡಿತ.

ದೀಪ ಹೊರಕ್ಕೆ ಎಳೆದು ಆರಿಸಿದ. ಪರದೆ ಸರಿಸಿದ. ವಾದ್ಯ ಒರೆಸಿ ಪೆಟ್ಟಿಗೆಯಲ್ಲಿಟ್ಟ.

"ಆಯ್ತಾ ರೀ?" ಎಂದಳು ಹೆಂಡತಿ, ಚೀಲ ಇಳಿಸುತ್ತ.

"ಆಯ್ತು."

ಅವಳು ಸೇಬಿನ ಪೊಟ್ಟಣದಿಂದ ಇರುವುದರಲ್ಲೇ ದೊಡ್ಡದನ್ನು ತೆಗೆದು ಅವನ ಮೇಜಿನ ಮೇಲಿಟ್ಟು ಒಳಗೆ ಹೋದಳು.

ಆ ವಾರದಿಂದಲೇ ಶುರುವಾಯಿತು. ಜೋರಾಗಿ ಊದಿದರೆ ಎಲ್ಲ ಸರಿ. ಮೊದಲ ಸ್ವರ ಮೆತ್ತಗೆ ತೆಗೆಯಹೋದರೆ ಮಾತ್ರ ಬಾಟಲಿಯಿಂದ ನೀರು ಬಗ್ಗಿಸಿದ ಹಾಗೆ ಬೊಳಬೊಳ ಸದ್ದು. ಹೆಂಡತಿ ಮತ್ತೆ ಊದುವಳು, ಮತ್ತೆ ಬೊಳಬೊಳ.

"ಅಮ್ಮಾ, ನಾನು ಓದಬೇಕು! ಒಂದೋ ಆ ಸ್ವರ ಬರಿಸು, ಇಲ್ಲ ಅದನ್ನ ಬಿಟ್ಟುಬಿಡು," ಎಂದು ಗುಬ್ಬಿ ಒಳಗಿಂದ ಕೂಗಿದಳು.

"ಅಜೀರ್ಣ ಆದೋರ ಹೊಟ್ಟೆ ಹೀಗೇ ಕೂಗುತ್ತೆ," ಎಂದಳು ಅಜ್ಜಿ. "ಅದಕ್ಕೇನಾದ್ರೂ ಔಷಧಿ ಹಾಕೇ."

ಹೆಂಡತಿ ಬಾಯಿಗಿಡುವ ಬೆತ್ತದ ರೀಡನ್ನು ಬದಲಿಸಿದಳು. ಇನ್ನೊಂದು ಪೊಟ್ಟಣ ತಂದು ಅದನ್ನೂ ಮುಗಿಸಿದಳು. ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬಂದಳು. ಹಲ್ಲೆಲ್ಲ ಗಟ್ಟಿಯಾಗಿದ್ದವು. ರಜೆಯಲ್ಲೂ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿನ ವಾದ್ಯಗಳಲ್ಲಿ ಊದಿ ನೋಡಿದಳು. ಅವು ವರ್ಷಗಟ್ಟಲೆ ಹುಡುಗರ ಕೈಗೆ ಸಿಕ್ಕು ಜಜ್ಜಿಹೋದವು, ಅವುಗಳಲ್ಲೂ ಸ್ವರ ಹೊರಡಲಿಲ್ಲ. ಬೆರಳನ್ನು ಒತ್ತಿ ಒತ್ತಿ ಎಡಗೈ ನೋಯತೊಡಗಿತು.

ಒಂದು ದಿನ ಊಟದ ಹೊತ್ತಿಗೆ ಗುಬ್ಬಿಯೇ ಹೇಳಿದಳು. "ಅಪ್ಪನ ಕೈಲಿ ಇನ್ನೊಂದ್ಸಲ ಕೊಡಮ್ಮ. ಏನಾದ್ರೂ ಕೆಟ್ಟಿರಬಹುದು."

ರಿಪೇರಿಯಣ್ಣನ ಚಮಚ ಬಟ್ಟಲಲ್ಲೇ ನಿಂತಿತು.

"ಈಗ ತಾನೇ ನೋಡಿ ಕೊಟ್ಟಿದ್ದಾರಲ್ಲೇ," ಎಂದಳು ಹೆಂಡತಿ. "ನಿಮ್ಮಪ್ಪನ ಕೈ ದಾಟಿ ಬಂದ ವಾದ್ಯದಲ್ಲಿ ತಪ್ಪಿರೋಲ್ಲ. ತಪ್ಪು ನನ್ನಲ್ಲೇ ಇದೆ. ವಯಸ್ಸಾಯ್ತು, ತುಟಿ ಹಿಡಿತ ಹೋಯ್ತು."

ರಿಪೇರಿಯಣ್ಣ ನೀರಿನ ಲೋಟ ಎತ್ತಿಕೊಂಡ. ಕುಡಿದು ಕೆಳಗಿಟ್ಟ. ಹೇಳಿಬಿಡಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಅವಳು, "ರೀ, ಆಗ ಗುರುಗಳ ಮನೇಲಿ ಹೇಳಿಕೊಟ್ಟಿದ್ರಲ್ಲ, ಅದೇ ಥರ ಇನ್ನೊಂದ್ಸಲ ಮೊದಲಿಂದ ಹೇಳಿಕೊಡ್ತೀರಾ?" ಎಂದಳು.

ಬಾಯಿ ಮುಚ್ಚಿಕೊಂಡಿತು.

ಹಾಗೆ ಪಾಠ ಶುರುವಾಯಿತು. ಬೆಳಿಗ್ಗೆ ಪಾತ್ರೆ ತೊಳೆದಾದ ಮೇಲೆ ಇಬ್ಬರೂ ಮುಂದಿನ ಕೋಣೆಯಲ್ಲಿ ಎದುರುಬದುರು ಕೂರುವರು. ಕಪಾಟಿನ ಮೇಲಿಂದ ಅವನ ಹಳೆಯ ಸ್ಯಾಕ್ಸೊಫೋನೂ ಇಳಿಯಿತು. ಅವನು ಆಗಾಗ ಅದನ್ನು ಒರೆಸಿ ಸರಿಮಾಡಿಟ್ಟಿದ್ದ, ನುಡಿಸುತ್ತಿರಲಿಲ್ಲ ಅಷ್ಟೇ.

"ಉಸಿರು ಇನ್ನೂ ಕೆಳಗಿಂದ ಬರಲಿ. ಭುಜ ಎತ್ತಬೇಡ. ಮೊದಲು ಬರೀ ಗಾಳಿ, ಆಮೇಲೆ ಸ್ವರ. ಹೀಗೆ," ಎಂದು ತಾನೇ ಊದಿ ತೋರಿಸುವನು.

ಅವನ ವಾದ್ಯದಿಂದ ಆ ಸ್ವರ, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ, ಯಾವಾಗ ಶುರುವಾಯಿತೆಂದು ತಿಳಿಯದಂತೆ ಬರುತ್ತಿತ್ತು. ಹೆಂಡತಿ ಕಣ್ಣು ಮುಚ್ಚಿ ಕೇಳುವಳು. "ನಿಮ್ಮದನ್ನ ಕೊಡಿ, ನೋಡೋಣ," ಎಂದು ಒಮ್ಮೆ ಕೈ ಚಾಚಿದಳು. ಅವನು ತಟ್ಟನೆ, "ಬೇಡ, ಇದರ ಮುಚ್ಚಳ ನಿನ್ನ ಕೈಗೆ ಹೊಂದಲ್ಲ, ಇದ್ದ ಅಭ್ಯಾಸವೂ ಹಾಳಾಗುತ್ತೆ," ಎಂದ. ಅವಳು ಒಳ್ಳೆಯ ವಿದ್ಯಾರ್ಥಿನಿಯ ಹಾಗೆ ಕೈ ಹಿಂದಕ್ಕೆ ತೆಗೆದುಕೊಂಡಳು.

ಇಷ್ಟು ವರ್ಷಗಳಲ್ಲಿ ಅಂಥ ದಿನಗಳು ಬಂದಿರಲಿಲ್ಲ. ಅವಳು ಅವನ ಮಾತನ್ನು ಸ್ವರಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದಳು. ಪಾಠದ ಮಧ್ಯೆ ಟೀ ಮಾಡಿ ತರುತ್ತಿದ್ದಳು. ಪಂಡಿತ ಫೋನ್ ಮಾಡಿದರೆ, "ಈಗ ಪಾಠದಲ್ಲಿದ್ದೀನಿ, ಆಮೇಲೆ ಮಾಡಿ," ಎಂದು ಇಟ್ಟುಬಿಡುತ್ತಿದ್ದಳು. ರಿಪೇರಿಯಣ್ಣ ಅಂಗಿಗೆ ಇಸ್ತ್ರಿ ಹಾಕಿಕೊಂಡು ಕೂರತೊಡಗಿದ. ರಿಪೇರಿಗೆ ಬಂದ ವಾದ್ಯಗಳು ಮೂಲೆಯಲ್ಲಿ ರಾಶಿ ಬಿದ್ದವು. ನಾಳೆ ಹೇಳೋಣ, ನಾಳೆ ಸರಿ ಮಾಡೋಣ ಎಂದುಕೊಳ್ಳುತ್ತಲೇ ಒಂದು ವಾರ ಹೋಯಿತು, ಇನ್ನೊಂದೂ ಹೋಯಿತು.

ಹಿತ್ತಲಲ್ಲಿ ಅವನು ಬಟ್ಟೆ ಒಣಗಹಾಕುತ್ತಿದ್ದಾಗ ತಾಯಿ ಕುರ್ಚಿ ಎಳೆದುಕೊಂಡು ಬಿಸಿಲಿಗೆ ಬಂದು ಕೂತಳು.

"ಏನೋ, ಮುಖದಲ್ಲಿ ಭಾರಿ ಕಳೆ ಬಂದಿದೆ."

"ಇರಬಾರದಾ?"

"ಇರಲಿ ಬಿಡು. ಆದ್ರೆ ಅವಳು ಬತ್ತಿ ಹೋಗ್ತಿದ್ದಾಳೆ, ನೀನು ತುಂಬ್ಕೋತಿದ್ದೀಯ. ಒಂದೇ ತಟ್ಟೆಯಿಂದ ಇಬ್ಬರೂ ತಿನ್ನೋ ಹಾಗಿದೆ. ಅವಳ ಪಾಲನ್ನ ನೀನು ತಿಂತಿಲ್ಲ ತಾನೇ?"

"ಏನೇನೋ ಹೇಳ್ತೀಯಮ್ಮ," ಎಂದು ಅವನು ಒದ್ದೆ ಅಂಗಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಕೊಡವಿದ. ನೀರು ಮುದುಕಿಯ ಮುಖಕ್ಕೆ ಹಾರಿತು. ಅವಳು ಸೆರಗಿನಲ್ಲಿ ಒರೆಸಿಕೊಂಡಳು.

ಕಛೇರಿಗೆ ಇನ್ನು ಕೆಲವೇ ದಿನ ಉಳಿದಿದ್ದಾಗ ಹೆಂಡತಿ ಪಾಠದ ನಡುವೆ ವಾದ್ಯವನ್ನು ತೊಡೆಯ ಮೇಲೆ ಮಲಗಿಸಿದಳು.

"ಸಾಕು ರೀ."

"ಯಾಕೆ, ಇನ್ನೊಂದ್ಸಲ ನೋಡು."

"ಬರಲ್ಲ. ನಾಳೆ ಹೋಗಿ ನನ್ನ ಕೈಲಾಗಲ್ಲ ಅಂತ ಹೇಳಿ ಬರ್ತೀನಿ. ಬೇರೆ ಊರಿಂದ ಯಾರನ್ನಾದ್ರೂ ಕರೆಸಲಿ." ಅವಳು ನೋಯುವ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದಳು. "ಒಂದು ಮಾತು ಹೇಳ್ಲಾ? ಅವತ್ತು ಆ ಕೆಲಸ ನಿಮಗೆ ಸಿಗಬೇಕಿತ್ತು. ಈಗ ನನಗೆ ಗೊತ್ತಾಗ್ತಿದೆ. ಮಕ್ಕಳಿಗೆ ಏನು ಕಲಿಸಿದ್ನೋ ಏನೋ ಇಷ್ಟು ವರ್ಷ. ಸ್ವಂತ ತುಟಿಯಲ್ಲಿ ಇಲ್ಲದ್ದನ್ನ ಕಲಿಸೋದು ಹೇಗೆ?"

ಈ ಮಾತಿಗಾಗಿ ಅವನು ಎಷ್ಟು ವರ್ಷ ಕಾದಿದ್ದ! ಸ್ನಾನ ಮಾಡುವಾಗ, ಸುತ್ತಿಗೆ ಹಿಡಿದಾಗ, ಅವಳ ಕಛೇರಿಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತಾಗ, ಇದೇ ಮಾತನ್ನು ಅವಳ ಬಾಯಲ್ಲಿ ಹಾಕಿ ಹಾಕಿ ಕೇಳಿದ್ದ. ಈಗ ಅವಳೇ ಹೇಳಿದಳು. ಹೇಳಿ, ಅಳದೆ, ರೀಡನ್ನು ಬಿಚ್ಚಿ ಒರೆಸಿ ಡಬ್ಬಿಯಲ್ಲಿಡತೊಡಗಿದಳು. ಇನ್ನು ಬೇಕಾಗುವುದಿಲ್ಲ ಎಂಬಂತೆ ಡಬ್ಬಿಯ ಮುಚ್ಚಳ ಹಾಕಿದಳು.

ರಿಪೇರಿಯಣ್ಣ ತನ್ನ ಸ್ಯಾಕ್ಸೊಫೋನನ್ನು ಕೊರಳಿಂದ ತೆಗೆದ. ಅವಳ ಮುಂದೆ ಹಿಡಿದ.

"ಇದರಲ್ಲಿ ಊದು," ಎಂದ.

"ಬೇಡ ಅಂದಿದ್ರಲ್ಲ, ಮುಚ್ಚಳ..."

"ಊದೇ ಅಂದ್ರೆ."

ಅವಳು ತನ್ನ ರೀಡು ಹಾಕಿಕೊಂಡು, ಭುಜ ಎತ್ತದೆ, ಉಸಿರು ಕೆಳಗಿಂದ ತಂದು ಊದಿದಳು. ಮೊದಲು ಬರೀ ಗಾಳಿ. ಆಮೇಲೆ ಸ್ವರ ಬಂತು. ಮೆತ್ತಗೆ, ತುಂಬಿಕೊಂಡು, ಕೋಣೆಯ ನೆಲದಿಂದಲೇ ಎದ್ದ ಹಾಗೆ ಬಂತು. ಒಳಗೆ ಗುಬ್ಬಿ ಓದುವುದನ್ನು ನಿಲ್ಲಿಸಿದ್ದು ಹೊರಗೆ ಗೊತ್ತಾಯಿತು.

ಹೆಂಡತಿ ಇನ್ನೊಮ್ಮೆ ಊದಿದಳು. ಮತ್ತೊಮ್ಮೆ ಊದಿದಳು. ಪ್ರತಿ ಸಲವೂ ಬಂತು. ಮೆಲ್ಲನೆ ಕೆಳಗಿಟ್ಟು, ತನ್ನ ವಾದ್ಯವನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು. ಎದ್ದು ಹೋಗಿ ಕಿಟಕಿಯ ಪರದೆ ಎಳೆದಳು. ಅವನ ಮೇಜಿನಿಂದ ದೀಪ ತೆಗೆದು ತನ್ನ ಸ್ಯಾಕ್ಸೊಫೋನಿನ ಒಳಗೆ ಇಳಿಸಿದಳು. ಮುಚ್ಚಳಗಳನ್ನು ಒಂದೊಂದೇ ಒತ್ತುತ್ತ ಬಂದು, ಉಂಗುರ ಬೆರಳಿನದರ ಹತ್ತಿರ ನಿಂತಳು.

"ಇದು ಅವತ್ತೇ ಕಂಡಿತ್ತಾ?"

ಇಲ್ಲ ಎನ್ನಬಹುದಿತ್ತು. ಬಿಲ್ಲೆ ಆಮೇಲೆ ಸರಿದಿರಬೇಕು ಎಂದರೆ ಅವಳು ಈಗಲೂ ನಂಬುತ್ತಿದ್ದಳು.

"ಕಂಡಿತ್ತು," ಎಂದ.

ಜಗಳ ಊಟದ ಮೇಜಿನಲ್ಲಿ ಆಯಿತು, ಎಲ್ಲರ ಎದುರಿಗೇ.

"ನಾನು ಹಲ್ಲಿನ ಡಾಕ್ಟರ ಹತ್ರ ಹೋಗಿ ಬಾಯಿ ತೆರೆದು ಕೂತೆ," ಎಂದಳು ಹೆಂಡತಿ. "ಕೈ ಹೋಯ್ತು, ತುಟಿ ಹೋಯ್ತು ಅಂತ ಕೊರಗಿದೆ. ನೀವು ಎದುರಿಗೇ ಕೂತು ಉಸಿರು ಕೆಳಗಿಂದ ತಗೋ ಅಂತ ಪಾಠ ಹೇಳ್ತಿದ್ರಿ! ನಾನು ಅದನ್ನ ಬರ್ಕೋತಿದ್ದೆ!"

"ಅಪ್ಪಾ, ಬೇಕು ಅಂತಲೇ ಮಾಡಿದ್ಯಾ?" ಎಂದಳು ಗುಬ್ಬಿ. ಅವನು ಅವಳ ಮುಖ ನೋಡಲಿಲ್ಲ.

"ನೀನು ನನ್ನ ಮಾತು ಕೂತು ಕೇಳಿ ಎಷ್ಟು ವರ್ಷ ಆಗಿತ್ತು?" ಎಂದ ಹೆಂಡತಿಗೆ. "ಮನೆಗೆ ಬಂದೋರೆಲ್ಲ ಮೇಡಂ ಗಂಡ, ಮೇಡಂ ಗಂಡ. ಆ ಸ್ವರ ಯಾರದ್ದು? ನನ್ನದಲ್ವಾ?"

"ನಿಮ್ಮದೇ. ಅದನ್ನೇ ಅಲ್ವಾ ನಾನು ಆ ಮನುಷ್ಯನಿಗೆ ಹೇಳಿದ್ದು? ಪ್ರತಿ ವರ್ಷ ಹೊಸ ಮಕ್ಕಳಿಗೂ ಹೇಳ್ತೀನಿ, ಇದು ನಮ್ಮ ಮನೆಯವರು ಕಲಿಸಿದ್ದು ಅಂತ. ನೀವು ಒಂದ್ಸಲ, ಬಾ ಕೂತ್ಕೋ, ನುಡಿಸೋಣ ಅಂದಿದ್ರೆ ನಾನು ಕೂರ್ತಿರ್ಲಿಲ್ವಾ? ಕರೀದೆ, ವಾದ್ಯಾನ ಕಪಾಟಿನ ಮೇಲಿಟ್ಟು, ಉರ್ಕೊಂಡ್ರಿ."

ಅಜ್ಜಿ ತನ್ನ ತಟ್ಟೆಯನ್ನು ಸೊಸೆಯ ಮುಂದಿನಿಂದ ಎಳೆದು ಮಗನ ಮುಂದೆ ನೂಕಿದಳು.

"ಇವತ್ತಿಂದ ಬ್ರೆಡ್ಡಿನ ಅಂಚು ನೀನು ಕತ್ತರಿಸು. ಅವಳ ಕೈ ನೋಯ್ತಿದೆ."

ಅವನು ಚಾಕು ತೆಗೆದುಕೊಂಡ. ಕೂದಲೆಳೆ ಅಳೆಯುವ ಆ ಕೈಗೆ ಬ್ರೆಡ್ಡು ಕತ್ತರಿಸಲು ಬರಲಿಲ್ಲ, ಮುರುಕು ಮುರುಕಾಯಿತು. ಅಜ್ಜಿ ಅದನ್ನೇ ಸೂಪಿನಲ್ಲಿ ಅದ್ದಿ ತಿಂದಳು.

ಊಟ ಮುಗಿದ ಮೇಲೆ ಹೆಂಡತಿ, "ಈಗಲೇ ಸರಿ ಮಾಡಿ. ನಾನು ಪಕ್ಕದಲ್ಲಿ ನಿಂತಿರ್ತೀನಿ," ಎಂದಳು.

ಅವನು ಮುಚ್ಚಳವನ್ನು ಸಣ್ಣ ಉರಿಗೆ ಹಿಡಿದು ಅರಗು ಮೆತ್ತಗಾಗಿಸಿದ, ಬಿಲ್ಲೆ ಸರಿಸಿದ, ಒತ್ತಿ ಹಿಡಿದು ಆರಿಸಿದ. ದೀಪ ಹಿಡಿದವಳು ಅವಳು. ಕೆಲಸದ ಮೇಲಿಟ್ಟ ಕಣ್ಣನ್ನು ಒಂದು ಚಣವೂ ತೆಗೆಯಲಿಲ್ಲ. ಅಷ್ಟು ವರ್ಷ ಅವನ ಕೈಯನ್ನು ಯಾರೂ ಹೀಗೆ ಕಾವಲು ಕಾದಿರಲಿಲ್ಲ. ಬೆಳಕು ಎಲ್ಲೂ ಇಣುಕದಿದ್ದಾಗ ಅವಳು ವಾದ್ಯ ಎತ್ತಿಕೊಂಡು, "ಸರಿ," ಎಂದಷ್ಟೇ ಹೇಳಿ ಹೋದಳು.

ಕಛೇರಿಯ ಸಂಜೆ ಅವನು ಎಂದಿನಂತೆ ಹಿಂದಿನ ಸಾಲಿನಲ್ಲಿ, ತಾಯಿಯ ಮತ್ತು ಮಗಳ ನಡುವೆ ಕೂತ. ಇಡೀ ಸಭೆ ಸುಮ್ಮನಾಯಿತು. ಅವಳು ಭುಜ ಎತ್ತಲಿಲ್ಲ. ಮೊದಲು ಬರೀ ಗಾಳಿ, ಆಮೇಲೆ ಸ್ವರ. ಅವನ ತುಟಿಗಳು ತಾವಾಗಿಯೇ ಬಿಗಿದುಕೊಂಡವು, ಎಡಗೈ ಬೆರಳುಗಳು ಮೊಣಕಾಲಿನ ಮೇಲೆ ಒತ್ತಿದವು. ಆ ಸ್ವರ ತಾನು ನುಡಿಸಿದ್ದಕ್ಕಿಂತ ಚೆನ್ನಾಗಿದೆ ಎಂದು ಅವನ ಕಿವಿಗೆ ಗೊತ್ತಾಯಿತು. ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಎದ್ದಿತು. ಹೋಗಿರಲಿಲ್ಲ ಅದು, ಎಲ್ಲಿಗೂ. ಚಪ್ಪಾಳೆ ಬಿದ್ದಾಗ ಅವನೂ ತಟ್ಟಿದ. ಗುಬ್ಬಿ ಅವನ ಕೈಯನ್ನೇ ನೋಡುತ್ತಿದ್ದಳು.

ರಜೆ ಮುಗಿದು ತರಗತಿಗಳು ಶುರುವಾದವು. ಬ್ರೆಡ್ಡಿನ ಅಂಚು ಈಗ ಅವನ ಕೈಯಲ್ಲೂ ನೆಟ್ಟಗೆ ಬರುತ್ತಿತ್ತು. ಹೆಂಡತಿ ಅವನ ಜೊತೆ ಮಾತಾಡುತ್ತಿದ್ದಳು, ಆದರೆ ಮನೆಗೆ ಬೇಕಾದಷ್ಟೇ. ಭಾನುವಾರ ಬೆಳಿಗ್ಗೆ ಅವನು ತನ್ನ ಸ್ಯಾಕ್ಸೊಫೋನ್ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಬಾ, ಕೂತ್ಕೋ. ನುಡಿಸೋಣ," ಎಂದು ಕರೆದದ್ದುಂಟು. "ಕೆಲಸ ಇದೆ," ಎಂದಳು ಒಂದು ಭಾನುವಾರ. ಮುಂದಿನ ಭಾನುವಾರ ಬಂದು ಕೂತಳು. ಹೆಚ್ಚು ಹೊತ್ತಲ್ಲ, ಅಜ್ಜಿ ಸ್ನಾನ ಮುಗಿಸಿ ಬರುವವರೆಗೆ.

ಆಮೇಲೊಂದು ಮಧ್ಯಾಹ್ನ, ಬೇರೆ ಯಾವುದೋ ಕಛೇರಿಯ ಮೊದಲು, ಅವಳ ವಾದ್ಯದ ಪೆಟ್ಟಿಗೆ ಮತ್ತೆ ಅವನ ಮೇಜಿನ ಮೇಲೆ ಬಂದು ಕೂತಿತ್ತು. ಏನೂ ಹೇಳದೆ ಇಟ್ಟು ಹೋಗಿದ್ದಳು. ರಿಪೇರಿಯಣ್ಣ ಕೆಲಸ ಮುಗಿಸಿ, ಪರದೆ ಎಳೆದು, ದೀಪ ಇಳಿಸಿ, ಒಳಕ್ಕೆ ಕೂಗಿದ.

"ಬಾರೇ, ನೋಡು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅವಳು ಬರುವಳೆಂದು ಅವನು ಪಕ್ಕಕ್ಕೆ ಸರಿದು ನಿಂತ.

"ಕೈ ಎಲ್ಲ ಸೋಪಾಗಿದೆ," ಎಂಬ ಉತ್ತರ ಬಂತು. "ನೀವೇ ನೋಡಿ ಹೇಳಿ."

ಅವನು ಬಗ್ಗಿ ಒಂದೊಂದೇ ಮುಚ್ಚಳ ಒತ್ತುತ್ತ ಬಂದ. ಕೊನೆಯದಕ್ಕಿಂತ ಹಿಂದಿನದರಲ್ಲಿ, ಇದೆಯೋ ಇಲ್ಲವೋ ಎಂಬಷ್ಟು, ಬೆಳಕು.

"ಒಂದು ಕಡೆ ಕಾಣ್ತಿದೆ," ಎಂದ ಗಟ್ಟಿಯಾಗಿ.

"ಹಾಗಾದ್ರೆ ಸರಿ ಮಾಡಿ," ಎಂದಳು ಅವಳು ಒಳಗಿಂದಲೇ. ನಲ್ಲಿಯ ನೀರು ಮತ್ತೆ ಸುರಿಯತೊಡಗಿತು.